ಹಾಲಮ್ಮನ ಕುರಿಗಳ ಹಿಂದೆ ಸೊರಬಕ್ಕೆ

ಹೊಸಬಾಳೆ,
೧೦-೮-೨೦೨೫, ಭಾನುವಾರ

ವನಜಾ,

ಕಾಲಿನ ನೋವು ಹೇಗಿದೆ? ಹೊಲಿಗೆ ಬಿಚ್ಚಿದ ಮೇಲೆ ತುರಿಕೆ ಹೆಚ್ಚಾಗಿದೆ ಎಂದು ನಯನ ಹೇಳಿದಳು. ಕೆರೆದುಕೊಳ್ಳಬೇಡ. ವಾಕರ್ ಹಿಡಿದು ನಡೆಯುವಾಗ ಮಗಳ ಮಾತು ಕೇಳು, ಹಟ ಮಾಡಬೇಡ. ಇಲ್ಲಿ ನಾನು ಕ್ಷೇಮ. ಎಮ್ಮೆ ಮೊದಮೊದಲು ನನಗೆ ಹಾಲು ಕೊಡದೆ ನಿನ್ನ ದಾರಿ ನೋಡಿತು. ಈಗ ನಿನ್ನ ಹಳೆಯ ಸೀರೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಹೋದರೆ ಸುಮ್ಮನೆ ನಿಲ್ಲುತ್ತದೆ. (ನಯನಾ, ಇದನ್ನು ಅಮ್ಮನಿಗೆ ಓದಿ ಹೇಳುವಾಗ ನಗಬೇಡ. ಅಳಿಯಂದಿರಿಗಂತೂ ಹೇಳಲೇಬೇಡ.) ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ನಾನು ಹೇಳುವುದಿಲ್ಲ. 'ಎಲ್ಲಾ ಚೆನ್ನಾಗಾಯ್ತು ಅಂತ ಒಂದೇ ಮಾತಲ್ಲಿ ಮುಗಿಸ್ಬೇಡಿ, ಮೊದ್ಲಿಂದ ಬರೆದು ಕಳ್ಸಿ' ಎಂದು ನೀನೇ ಹೇಳಿದ್ದಕ್ಕೆ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ.

ಮೇ ತಿಂಗಳಲ್ಲಿ ಯುದ್ಧದ ಸುದ್ದಿ ಬರುತ್ತಿದ್ದಾಗ, ಅಣುಬಾಂಬು ಬಿದ್ದರೆ ಎಷ್ಟು ಕೋಟಿ ಜನ ಸಾಯುತ್ತಾರೆ ಎಂದು ಟಿವಿಯವನೊಬ್ಬ ಕ್ರಿಕೆಟ್ ಸ್ಕೋರಿನ ಹಾಗೆ ಹೇಳಿದ್ದು ನೆನಪಿದೆಯಲ್ಲ. ನೀನು ಎದ್ದು ಟಿವಿ ಆರಿಸಿ, 'ಸಾಯೋರು ಯಾರ ಮಕ್ಕಳು ಅಂತ ಇವನಿಗೆ ಗೊತ್ತಾ?' ಎಂದು ನನ್ನನ್ನು ಕೇಳಿದೆ. ಅಂದಿನಿಂದ ನಿನ್ನ ಕಾಲು ಮನೆಯಲ್ಲಿ ನಿಲ್ಲಲಿಲ್ಲ. ನೀನೇ ಸಂಘದ ಹೆಂಗಸರನ್ನು ಕೂಡಿಸಿದೆ. ನಮ್ಮ ದೇಶವಿರಲಿ, ಬೇರೆ ದೇಶವಿರಲಿ, ಯಾರ ಕೈಯಲ್ಲೂ ಈ ಬಾಂಬು ಇರಬಾರದು ಎಂದು ಮನವಿ ಬರೆಸಿದೆ. ಹಿರೋಶಿಮಾದ ಮೇಲೆ ಬಾಂಬು ಬಿದ್ದ ದಿನಕ್ಕೆ, ಆಗಸ್ಟ್ ಆರಕ್ಕೆ ಸರಿಯಾಗಿ ಸೊರಬ ತಲುಪಿ ಅದನ್ನು ತಹಶೀಲ್ದಾರರಿಗೆ ಕೊಡುವುದು, ಶಿಕಾರಿಪುರದಿಂದ ನಡೆದೇ ಹೋಗುವುದು ಎಂದು ನಿಶ್ಚಯಿಸಿದೆ. ಇಷ್ಟೆಲ್ಲ ಮಾಡಿ ನೀನು ಕೊಟ್ಟಿಗೆಯಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡೆ. ಆಪರೇಷನ್ನಿಗೆ ಒಳಗೆ ತಳ್ಳಿಕೊಂಡು ಹೋಗುವಾಗ ನನ್ನ ಕೈ ಹಿಡಿದು, 'ನಡಿಗೆ ನಿಲ್ಬಾರ್ದು, ನನ್ನ ಬದ್ಲು ನೀವ್ ಹೋಗಿ' ಎಂದೆ. ಆ ಹೊತ್ತಿನಲ್ಲಿ ಆಗುವುದಿಲ್ಲ ಎನ್ನುವ ಗಂಡ ಯಾವ ಊರಿನಲ್ಲಿದ್ದಾನೆ?

ಒಂದು ಸಂಗತಿ ನಿನಗೆ ಫೋನಿನಲ್ಲಿ ಹೇಳಿರಲಿಲ್ಲ. ಹೊರಡುವ ಹಿಂದಿನ ದಿನ ನಾವೆಲ್ಲ ಶಿಕಾರಿಪುರದಲ್ಲಿ ಸೇರಿದ್ದಾಗ ಪೊಲೀಸರು ಮೆರವಣಿಗೆಗೆ ಪರ್ಮಿಷನ್ ಇಲ್ಲ ಎಂದುಬಿಟ್ಟರು. ಇವರು ಸೈನಿಕರಿಗೆ ಅವಮಾನ ಮಾಡಲು ಹೊರಟಿದ್ದಾರೆ, ನಾವು ತಡೆಯುತ್ತೇವೆ ಎಂದು ಕೆಲವು ಹುಡುಗರು ಅರ್ಜಿ ಕೊಟ್ಟಿದ್ದರಂತೆ. ಗುಂಪಾಗಿ ಬ್ಯಾನರ್ ಹಿಡಿದು ಹೊರಟರೆ ಕೇಸು ಹಾಕಬೇಕಾಗುತ್ತದೆ ಎಂದರು. ಹೆಂಗಸರನ್ನೆಲ್ಲ ವಾಪಸ್ ಕಳಿಸಿ, ನಿನ್ನ ಮುಂದೆ ಏನಾದರೊಂದು ನೆಪ ಹೇಳಿದರಾಯಿತು ಎಂದುಕೊಂಡೆ. ಸಂತೆಯಲ್ಲಿ ನಿನಗೆ ಪರಿಚಯವಾಗಿದ್ದ ಶಿಕಾರಿಪುರದ ಕುರಿಯವರ ಹಾಲಮ್ಮ ಅಲ್ಲೇ ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದಳು. 'ಮೆರವಣಿಗೀಗೆ ಪರ್ಮಿಷನ್ ಬೇಕಂದ್ರು. ನನ್ ಕುರಿ ಹೊಡ್ಕಂಡ್ ಹೋಗಾಕೆ ಯಾರ್ ಪರ್ಮಿಷನ್ ಬೇಕ್ರೀ? ಕುರಿ ಹಿಂದೆ ಯಾರ್ ಬೇಕಾದ್ರೂ ಬರ್ಲಿ' ಎಂದಳು. ಮೊದಲು ನಕ್ಕೆವು. ಆಮೇಲೆ ಹಾಗೇ ಮಾಡೋಣ ಎಂದೆವು. ಬ್ಯಾನರ್ ಹಿಡಿಯುವಂತಿಲ್ಲವಲ್ಲ, ಅದಕ್ಕೆ ಅವಳ ಸೊಸೆ ಸಂಗೀತ ಕುರಿಗಳಿಗೆ ಗುರುತು ಹಾಕುವ ಕೆಂಪು ಬಣ್ಣ ತಂದು, ಬಿಳಿ ಕುರಿಗಳನ್ನೇ ಆರಿಸಿ, ಒಂದೊಂದರ ಬೆನ್ನಿನ ಮೇಲೆ ಒಂದೊಂದು ಅಕ್ಷರ ಬರೆದಳು. ಅ, ಣು, ಬಾಂ, ಬು, ಬೇ, ಡ.

ಹೊರಟ ಬೆಳಿಗ್ಗೆ ಮಳೆ ಬಿಟ್ಟು ಹೊಳವಾಗಿತ್ತು. ಶಿಕಾರಿಪುರ ದಾಟುವುದರೊಳಗೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಕುರಿಗಳಿಗೆ ಕಾಗುಣಿತ ಕಲಿಸಿದವರು ಯಾರು? 'ಡ' ಎಲ್ಲಕ್ಕಿಂತ ಮುಂದೆ, 'ಅ' ಬೇಲಿಯ ಸೊಪ್ಪು ತಿನ್ನುತ್ತ ಹಿಂದೆ. ಆದರೆ ವನಜಾ, ಸಾಲಾಗಿ ನಡೆದಿದ್ದರೆ ಜನ ಓದಿ ಸುಮ್ಮನಾಗುತ್ತಿದ್ದರೇನೋ. ಈಗ ಚಹದಂಗಡಿಯ ಮುಂದೆ ಕೂತವರು, ಗದ್ದೆಯಲ್ಲಿ ಸಸಿ ನೆಡುತ್ತಿದ್ದವರು, ಬಸ್ಸಿಗೆ ಕಾದವರು ಎಲ್ಲರೂ ಕೂಡಿಸಿ ಓದಲು ನಿಂತರು. ಕೊನೆಗೆ ಸೋತು 'ಏನ್ ಬರ್ದೀರಿ ಅದು?' ಎಂದು ನಮ್ಮನ್ನೇ ಕೇಳಿದರು. ಕೇಳಿದವರಿಗೆ ಹೇಳದೆ ಇರಲು ಆಗುತ್ತದೆಯೇ? ಹಿರೋಶಿಮಾದಲ್ಲಿ ಆದದ್ದನ್ನು ಸಂಗೀತ ಹೇಳಿದಳು. ಮನವಿಗೆ ಜನ ಸಹಿ ಹಾಕಿದರು. ಕೆಲವರು 'ನಮಗ್ಯಾಕ್ರೀ ದೊಡ್ಡವರ ವಿಷಯ' ಎಂದು ಎದ್ದುಹೋದದ್ದೂ ಉಂಟು.

ಅಷ್ಟರಲ್ಲಿ ಪೊಲೀಸ್ ಜೀಪು ಎದುರಾಯಿತು. ಸಬ್ ಇನ್ಸ್‌ಪೆಕ್ಟರು ಇಳಿದು, 'ಏನ್ರೀ ಯಜಮಾನ್ರೇ, ಬೇಡ ಅಂದಿದ್ವಲ್ಲ' ಎಂದರು. 'ಮೆರವಣಿಗೆ ಅಲ್ಲ ಸಾರ್, ಕುರಿ' ಎಂದೆ. ನನ್ನ ಸ್ವರ ನನಗೇ ಕುರಿಯ ಕೂಗಿನಂತೆ ಕೇಳಿಸಿತು. ಅವರು ಕುರಿಗಳ ಬೆನ್ನಿನ ಕಡೆ ಬಗ್ಗಿ ನೋಡಿದರು. ಅದೇ ಹೊತ್ತಿಗೆ ಎರಡು ಕುರಿ ಅಕ್ಕಪಕ್ಕ ಬಂದು ನಿಂತಿದ್ದವು. 'ಬಾಂ... ಬೇ. ಬಾಂಬೇ? ಬಾಂಬೇಗೆ ಮಾರೋ ಕುರಿ ಏನ್ರೀ ಇವು?' ಎಂದರು. 'ಇಲ್ರೀ ಸಾಹೇಬ್ರ, ಸೊರಬಕ್ಕೆ' ಎಂದಳು ಹಾಲಮ್ಮ. ಅವರಿಗೆ ಗೊತ್ತಾಗಲಿಲ್ಲವೆಂದು ನಾನು ನಂಬುವುದಿಲ್ಲ. ಮೀಸೆಯಡಿ ನಗುತ್ತ ಜೀಪು ಹತ್ತಿದರು. ಕೇಸು ಇಲ್ಲ, ಏನೂ ಇಲ್ಲ.

ಅರ್ಜಿ ಕೊಟ್ಟಿದ್ದ ಹುಡುಗರು ಸಿಕ್ಕಿದ್ದು ಮಾರನೆಯ ದಿನ, ಸೊರಬ ಇನ್ನೂ ದೂರವಿರುವಾಗ. ಬೈಕುಗಳನ್ನು ಅಡ್ಡ ನಿಲ್ಲಿಸಿ, ಎಂಜಿನ್ ಜೋರು ಮಾಡಿ ಕೂಗಾಡಿದರು. ಮುಂದೆ ನಿಂತಿದ್ದವನು ಶರತ್, ಗೊಬ್ಬರದಂಗಡಿಯ ಗಂಗಾಧರಪ್ಪನವರ ಮಗ. 'ಪಾಕಿಸ್ತಾನಕ್ಕೆ ಹೋಗಿ ಹೇಳ್ರಿ ಬಾಂಬ್ ಬೇಡ ಅಂತ' ಎಂದ. ಹೆಂಗಸರು ನನ್ನ ಮುಖ ನೋಡಿದರು. ನೀನಿದ್ದಿದ್ದರೆ ಏನು ಹೇಳುತ್ತಿದ್ದೆಯೆಂದು ಯೋಚಿಸಲು ನನಗೆ ಪುರುಸೊತ್ತೇ ಇರಲಿಲ್ಲ, ಮಾತು ತಾನಾಗಿ ಬಂತು. 'ಅಲ್ಲಿಯವರಿಗೂ ಹೇಳ್ಬೇಕು ಕಣಪ್ಪ, ಮನವಿಯಲ್ಲಿ ಹಾಗೇ ಬರೆದಿದೆ, ಓದು. ಸೈನಿಕರು ಗಡಿ ಕಾಯ್ತಾರೆ. ಈ ಬಾಂಬ್ ಬಿದ್ರೆ ಕಾಯೋಕೆ ಗಡಿನೂ ಉಳಿಯಲ್ಲ, ನಿಮ್ಮಪ್ಪನ ಗೊಬ್ಬರ ಹಾಕೋಕೆ ಗದ್ದೆನೂ ಉಳಿಯಲ್ಲ.' ಅಷ್ಟರಲ್ಲಿ ಕುರಿಗಳು ಬೈಕುಗಳ ಸುತ್ತ ತುಂಬಿಕೊಂಡಿದ್ದವು. ಒಂದು ಮರಿ ಚಕ್ರದ ಹತ್ತಿರವೇ ಮಲಗಿಬಿಟ್ಟಿತು. 'ಗಾಡಿ ಬಂದ್ ಮಾಡಪ್ಪಾ, ಮರಿ ಐತಿ' ಎಂದಳು ಹಾಲಮ್ಮ. ಶರತ್ ಬಂದ್ ಮಾಡಿದ. ಉಳಿದವರೂ ಮಾಡಿದರು. ಸದ್ದೆಲ್ಲ ನಿಂತಿತು. ಅವನು ಮನವಿ ತೆಗೆದುಕೊಂಡು ಓದಿದ, ಸಹಿ ಹಾಕದೆ ಹಿಂದಕ್ಕೆ ಕೊಟ್ಟ. 'ನಿಮ್ಮ ಮಾತು ನಾನು ಒಪ್ಪಲ್ಲ ಅಜ್ಜ' ಎಂದ. ಬೈಕು ತಿರುಗಿಸಿಕೊಂಡು ಮತ್ತೆ ನಿಂತು, 'ಮುಂದೆ ತಿರುವಿನಲ್ಲಿ ಲಾರಿ ಜೋರಾಗಿ ಬರ್ತವೆ, ಕುರಿ ಎಡಕ್ಕೆ ಹೊಡೀರಿ' ಎಂದು ಹೇಳಿ ಹೋದ. ನಾನು ದಾರಿಬದಿಯ ಮೋರಿಕಟ್ಟೆಯ ಮೇಲೆ ಕೂತುಬಿಟ್ಟೆ. ಮನಸ್ಸು ಹೊರೆ ಇಳಿಸಿದಂತೆ ಹಗುರಾಗಿತ್ತು.

ಆರನೆಯ ತಾರೀಖಿಗೆ ಸರಿಯಾಗಿ ಸೊರಬ ತಲುಪಿದೆವು. ತಹಶೀಲ್ದಾರರು ತಾವೇ ಹೊರಗೆ ಬಂದು ಮನವಿ ಇಸಿದುಕೊಂಡರು. ಮೇಲಕ್ಕೆ ಕಳಿಸುತ್ತೇವೆ ಎಂದರು. ಅದರಿಂದ ಏನಾಗುತ್ತದೋ ನಾನು ಕಾಣೆ. ಹಿರೋಶಿಮಾದಲ್ಲಿ ಸತ್ತವರನ್ನು ನೆನೆದು ಎಲ್ಲರೂ ಸ್ವಲ್ಪ ಹೊತ್ತು ಮೌನವಾಗಿ ನಿಂತೆವು. ಕುರಿಗಳು ಮಾತ್ರ ಅರಚುತ್ತಲೇ ಇದ್ದವು, ಯಾರೂ ಗದರಲಿಲ್ಲ. ಯಾರಿಗೂ ಏಟಾಗಿಲ್ಲ, ಒಂದು ಮರಿಯೂ ತಪ್ಪಿಸಿಕೊಂಡಿಲ್ಲ. ನನ್ನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ, ಅಷ್ಟೆ. ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇನೆ.

ನಯನಳಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ. ಹಾಲಮ್ಮ ನಿನ್ನನ್ನು ಕೇಳಿದೆನೆಂದು ಹೇಳಲು ಹೇಳಿದ್ದಾಳೆ. ಮಾತ್ರೆ ತಪ್ಪಿಸಬೇಡ.

ಇತಿ ನಿನ್ನ
ಆನಂದಪ್ಪ

ಬರೆಯಲು ಮರೆತೆ, ಈ ಕಾಗದ ಒಯ್ಯುವ ಬಸ್ಸು ಬರುವ ಹೊತ್ತಾಯಿತು. ಚಂದ್ರಗುತ್ತಿಯ ಹೆಂಗಸರು ಫೋನ್ ಮಾಡಿದ್ದರು. ಸುಗ್ಗಿ ಮುಗಿದ ಮೇಲೆ ತಮ್ಮಲ್ಲೂ ಇಂಥದೊಂದು ನಡಿಗೆ ಮಾಡಬೇಕಂತೆ, ಮುಂದೆ ನಿಲ್ಲುವವರು ಬೇಕಂತೆ. ನಿನ್ನನ್ನು ಕೇಳದೆ ನಮ್ಮಿಬ್ಬರ ಹೆಸರನ್ನೂ ಕೊಟ್ಟಿದ್ದೇನೆ. ಬೈಯುವುದಿದ್ದರೆ ಮನೆಗೆ ಬಂದು ಬೈ. ನಿನ್ನ ಬೈಗುಳವಿಲ್ಲದೆ ಇಲ್ಲಿ ಊಟ ಸೇರುತ್ತಿಲ್ಲ.