ಬೀಗರನ್ನು ಬೈಯಲು ಅನುಮತಿ ಕೋರಿ

ಹುಣಸೆಕೊಪ್ಪಲು, ಹಳ್ಳಿಮೈಸೂರು ಹೋಬಳಿ
೨೩ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ಶಾಂತರಾಜುವಿಗೆ,

ನಿನ್ನ ಮೊಣಕಾಲು ಹೇಗಿದೆ? ವ್ಯಾನಿನಿಂದ ಇಳಿಯುವಾಗ ಹಿಡಿದುಕೊಳ್ಳುತ್ತದೆ ಎಂದಿದ್ದೆ. ಕಲಬುರಗಿಯ ಚಳಿ ನಮ್ಮ ಚಳಿಯಷ್ಟು ಇರಲಾರದು, ಆದರೂ ಬೆಳಿಗ್ಗೆ ಪೆರೇಡಿಗೆ ಹೋಗುವಾಗ ಮಂಡಿಗೆ ಬೆಚ್ಚಗೆ ಏನಾದರೂ ಸುತ್ತಿಕೋ. ಅಲ್ಲಿಯ ಜೋಳದ ರೊಟ್ಟಿ ನಿನ್ನ ಹೊಟ್ಟೆಗೆ ಒಗ್ಗಿತೋ ಇಲ್ಲವೋ ಎಂದು ಅವ್ವ ದಿನಕ್ಕೊಂದು ಸಲ ಕೇಳುತ್ತಾಳೆ. ಪೊಲೀಸ್ ಮೀಸಲು ಪಡೆಗೆ ಸೇರಿ ಅಲ್ಲಿಗೆ ಹೋಗಿ ಹನ್ನೊಂದು ವರ್ಷವಾಯಿತು, ಒಗ್ಗಿರಲೇಬೇಕು ಎಂದರೆ ಅವಳಿಗೆ ಸಮಾಧಾನವಿಲ್ಲ. ಅವಳ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ. ಅವರೆಕಾಯಿ ಶುರುವಾಗಿದೆ, ನೀನು ಬರುವ ಹೊತ್ತಿಗೆ ಸೊಗಡು ಹೋಗಿರುತ್ತದೆ ಎಂಬುದು ಅವಳ ಈ ವಾರದ ಚಿಂತೆ. ನಾನು ಎಂದಿನಂತೆ ಗೊರೂರಿನ ಬಸ್ಸಿನಲ್ಲಿ ಶಾಲೆಗೆ ಹೋಗಿ, ಮಕ್ಕಳಿಗೆ ಛಂದಸ್ಸು ಹೇಳಿಕೊಟ್ಟು, ಬಸ್ಸಿನಲ್ಲಿ ಕವಿತೆ ಓದುತ್ತ ವಾಪಸ್ಸು ಬರುತ್ತಿದ್ದೇನೆ.

ಫೋನ್ ಇರುವಾಗ ಅಕ್ಕ ಯಾಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡ. ಅವ್ವನ ಅಪ್ಪಣೆ. ಸಾರ್ವಜನಿಕ ಸುರಕ್ಷತೆಗೆಂದು ಅರಳಿಕಟ್ಟೆಯ ಎದುರಿನ ಕರೆಂಟ್ ಕಂಬಕ್ಕೆ ಕ್ಯಾಮೆರಾ ಹಾಕಿ ಮೂರು ತಿಂಗಳಾಯಿತಲ್ಲ, ಅದಕ್ಕೆ ಕಿವಿಯೂ ಇದೆ, ನಾವು ಮನೆಯೊಳಗೆ ಫೋನಿನಲ್ಲಿ ಆಡಿದ್ದೂ ಅದಕ್ಕೆ ಕೇಳಿಸುತ್ತದೆ ಎಂದು ಅವಳ ನಂಬಿಕೆ. ಅದರ ಮುಂದೆ ಹಾದುಹೋಗುವಾಗ ತಲೆಗೆ ಸೆರಗು ಹೊದ್ದುಕೊಳ್ಳುತ್ತಾಳೆ, ಮಾವನವರ ಮುಂದೆ ಹೋಗುವ ಸೊಸೆಯ ಹಾಗೆ. ಕ್ಯಾಮೆರಾ ಬಂದಾಗಿನಿಂದ ಕಟ್ಟೆಯ ಮೇಲೆ ಯಾರೂ ಕೂರುವುದಿಲ್ಲ. ಎಲ್ಲರೂ ಹಿಟ್ಟಿನ ಗಿರಣಿಯ ಹಿಂದಕ್ಕೆ ಹೋಗಿದ್ದಾರೆ. ಮೊದಲು ಮಳೆ ಬೆಳೆ ಮಾತಾಡುತ್ತಿದ್ದವರು, ಹೇಗೂ ಮರೆಯಲ್ಲಿ ಕೂತಿದ್ದೇವಲ್ಲ ಎಂದು ಈಗ ಸರ್ಕಾರದ ವಿಷಯ ಮಾತಾಡತೊಡಗಿದ್ದಾರೆ. ಖಾಲಿ ಕಟ್ಟೆಯನ್ನು ಕ್ಯಾಮೆರಾ ಹಗಲೂ ರಾತ್ರಿ ಕಾಯುತ್ತಿದೆ. ಈವರೆಗೆ ಕಟ್ಟೆಯನ್ನು ಯಾರೂ ಕದ್ದಿಲ್ಲ.

ಇರಲಿ. ಶೋಭಿತಾಳ ಮದುವೆ ಚೆನ್ನಾಗಿ ಆಯಿತು ಎಂದು ನಿನಗೆ ಎಲ್ಲರೂ ಹೇಳಿದ್ದಾರೆ. ಆದದ್ದು ನಿಜ. ನಿನಗೆ ರಜೆ ಸಿಗಲಿಲ್ಲವೆಂದು ಕೆಂಚಯ್ಯ ಚಿಕ್ಕಪ್ಪನಿಗೆ ಸ್ವಲ್ಪ ಬೇಸರ, ಮೊಮ್ಮಗಳ ಮದುವೆಗೆ ನೀನು ಯೂನಿಫಾರ್ಮಿನಲ್ಲಿ ಬಂದು ನಿಲ್ಲಬೇಕೆಂದು ಅವನ ಆಸೆಯಾಗಿತ್ತು. ಯೂನಿಫಾರ್ಮಿನ ಕೊರತೆಯೇನೂ ಆಗಲಿಲ್ಲ ಅನ್ನು. ಅದನ್ನೇ ಹೇಳಲು ಹೊರಟಿದ್ದೇನೆ.

ಯಾವುದೋ ಊರಿನ ಮೆರವಣಿಗೆಯಲ್ಲಿ ಗಲಾಟೆಯಾಯಿತೆಂದು ನಮ್ಮ ಕಡೆಗೂ ಒಂದು ಆದೇಶ ಬಂತು. ಐದು ಜನಕ್ಕಿಂತ ಹೆಚ್ಚು ಒಂದು ಕಡೆ ಸೇರಬೇಕಾದರೆ ಠಾಣೆಯ ಅನುಮತಿ ಬೇಕು. (ಯಾವ ಠಾಣೆ ಎಂದು ಬರೆಯುವುದಿಲ್ಲ, ನಿನಗೆ ಗೊತ್ತು.) ಹದಿನೈದು ದಿನಕ್ಕೆಂದು ಬಂದದ್ದು ಹದಿನೈದು ಹದಿನೈದು ದಿನವಾಗಿ ಮುಂದಕ್ಕೆ ಹೋಗುತ್ತಲೇ ಇದೆ. ಚಿಕ್ಕಪ್ಪನ ಮನೆಯಲ್ಲೇ ಏಳು ಜನ. ಎಲ್ಲರೂ ಒಟ್ಟಿಗೆ ಉಣ್ಣಲು ಕೂತರೆ ಇಬ್ಬರು ಅಪರಾಧಿಗಳು. ಜನ ಮೊದಲು ನಕ್ಕರು, ಆಮೇಲೆ ಎಣಿಸಲು ಕಲಿತರು. ಹಾಲಿನ ಡೈರಿಯ ಮುಂದೆ ಐದು ಜನ ನಿಂತಿದ್ದರೆ ಆರನೆಯವರು ತಾವಾಗಿಯೇ ದೂರ ನಿಲ್ಲುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ದಿನ ಆರನೆಯವಳು ನಾನೇ.

ಮದುವೆಗೆ ಅನುಮತಿ ಕೇಳಲು ಚಿಕ್ಕಪ್ಪ ಹೋದ. ಅವನು ಎಂಥವನು ಎಂದು ನಿನಗೆ ಗೊತ್ತು. ಹೇಮಾವತಿ ನಾಲೆಯ ತೂಬು ಕಾಯುವ ಸೌಡಿಯಾಗಿ ಮೂವತ್ತನಾಲ್ಕು ವರ್ಷ ನೀರು ಬಿಟ್ಟ ಗಂಟೆ, ನಿಮಿಷ ಪುಸ್ತಕದಲ್ಲಿ ಬರೆದವನು. ಒಂದು ಕಾಲಂ ಖಾಲಿ ಬಿಟ್ಟವನಲ್ಲ. ಠಾಣೆಯ ಫಾರಂನಲ್ಲಿ ಹನ್ನೊಂದನೆಯ ಕಾಲಂ: ‘ಸಮಾರಂಭದಲ್ಲಿ ಭಾಷಣ, ಘೋಷಣೆ ಅಥವಾ ಹಾಡು ಇದೆಯೇ? ಇದ್ದಲ್ಲಿ ವಿವರ.’ ಇಡೀ ತಾಲ್ಲೂಕಿನಲ್ಲಿ ಎಲ್ಲರೂ ಅಲ್ಲಿ ಒಂದು ಅಡ್ಡಗೆರೆ ಎಳೆದು ಬರುತ್ತಾರಂತೆ. ನಮ್ಮ ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ದುಂಡಗೆ ಬರೆದ: ‘ಇದೆ. ಬೀಗರನ್ನು ಬೈಯುವ ಹಾಡು. ಬೈಯುವವರು: ಮುದ್ದಮ್ಮ, ೭೪ ವರ್ಷ, ಮತ್ತು ಸಂಗಡಿಗರು.’ ನಮ್ಮ ಅವ್ವನ ಹೆಸರು ಹೀಗೆ ಠಾಣೆ ಸೇರಿತು.

ಠಾಣೆಯ ರೈಟರ್ ಮೋಹನ್‌ಕುಮಾರ್ ಚನ್ನರಾಯಪಟ್ಟಣದ ಕಡೆಯ ಹುಡುಗ, ಒಳ್ಳೆಯವನು, ಬೆವರುತ್ತಲೇ ಮಾತಾಡುತ್ತಾನೆ. ಅದನ್ನು ಓದಿ ಎದ್ದು ನಿಂತನಂತೆ. “ಯಾರನ್ನ ಬೈಯ್ಯೋದು ಯಜಮಾನ್ರೇ? ಹಳೇ ದ್ವೇಷ ಏನಾರಾ ಐತಾ?” ಚಿಕ್ಕಪ್ಪ ಕೈಮುಗಿದು, “ಇಲ್ಲ ಸಾ, ಒಸ ಸಂಬಂಧ” ಎಂದನಂತೆ. ಕೊನೆಗೆ, ಹಾಡಿನ ಪೂರ್ಣ ಪಾಠವನ್ನು ಮೂರು ಪ್ರತಿಯಲ್ಲಿ ತರಬೇಕೆಂದು ಆಯಿತು. ಕನ್ನಡ ಎಂ.ಎ. ಮಾಡಿದವಳು ಮನೆಯಲ್ಲಿ ಇರುವುದು ಮತ್ಯಾಕೆ ಎಂದು ಚಿಕ್ಕಪ್ಪ ನೇರ ನನ್ನ ಹತ್ತಿರ ಬಂದ.

ಐವತ್ತು ವರ್ಷದಿಂದ ಅವ್ವ ಎಷ್ಟು ಮದುವೆಗಳಲ್ಲಿ ಹಾಡಿದ್ದಾಳೋ ಅವಳಿಗೇ ಲೆಕ್ಕವಿಲ್ಲ. ನಾನು ಒಂದು ಸಾಲನ್ನೂ ಬರೆದಿಟ್ಟವಳಲ್ಲ. ಯಾರಾರದೋ ಕವಿತೆಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ, ಹಿತ್ತಲಲ್ಲಿ ಹುಟ್ಟುತ್ತಿದ್ದದ್ದನ್ನು ಬಿಟ್ಟೆ. ಈಗ ಪೊಲೀಸರ ದಯೆಯಿಂದ ಪೆನ್ನು ಹಿಡಿದು ಅವಳ ಮುಂದೆ ಕೂತರೆ, “ಬೀಗನ ಮಕ ನೋಡ್ದೆ ಎಂಗವ್ವಾ ಬೈಯ್ಯೋದು” ಎಂದಳು. ಫೋನಿನಲ್ಲಿ ಗಂಡಿನ ತಂದೆ ದ್ಯಾವಯ್ಯನವರ ಫೋಟೋ ತೋರಿಸಿದೆ. ಅರಕಲಗೂಡಿನ ಕಡೆಯವರು, ಮೀಸೆ ಎರಡೂ ಕೆನ್ನೆಗೆ ಹಬ್ಬಿದೆ. ಅವ್ವ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು, “ಸುಮಾರಾಗವ್ನೆ” ಎಂದು ಶುರುಮಾಡಿದಳು:

ಬಂದಾನೆ ಬೀಗ ಬಾಯ್ಬಿಟ್ಟುಕೊಂಡು
ಮಂದೆಯ ಟಗರು ಬಂದಂಗೆ, ತಂಗ್ಯವ್ವ
ಹಿಂಡಿಯ ತಂದು ಮಡಗವ್ವ

ಬೀಗನ ಮೀಸೆ ಬೇಲಿಯ ಕಳ್ಳಿ
ಬಾಗಿಲಿಗೆ ಅಡ್ಡ ಬೆಳೆದೈತೆ, ತಂಗ್ಯವ್ವ
ಬೇಗ ತಾರವ್ವ ಕುಡುಗೋಲ

ಮುಂದಿನ ಪದದಲ್ಲಿ ಬೀಗ ಕಜ್ಜಾಯ ಕದ್ದು ಪಂಚೆಯಲ್ಲಿ ಕಟ್ಟಿಕೊಂಡ. ಅದರ ಮುಂದಿನದನ್ನು ನಿನಗೆ ಬರೆಯುವುದಿಲ್ಲ, ಠಾಣೆಗೂ ಬರೆಯಲಿಲ್ಲ. ಅದನ್ನು ಬಿಟ್ಟು ಒಟ್ಟು ನಾಲ್ಕು ಪದ ದುಂಡಗೆ ಬರೆದೆ, ಪ್ರಾಸ ಎಲ್ಲೆಲ್ಲಿ ಬಂದಿದೆ ಎಂದು ನೋಡಿ ಖುಷಿಪಟ್ಟೆ. ಅದೇ ನಾನು ಮಾಡಿದ ತಪ್ಪು. ಬಾಯಲ್ಲೇ ಇದ್ದಿದ್ದರೆ ಗಾಳಿಗೆ ಹೋಗಿಬಿಡುತ್ತಿತ್ತು. ಮೊಹರು ಹಾಕಲು ಅನುಕೂಲವಾಗುವಂತೆ ಕಾಗದದ ಮೇಲೆ ಕೂರಿಸಿದವಳು ನಾನು.

ಠಾಣೆಗೆ ಅವ್ವನೂ ಬಂದಳು. ಮೋಹನ್‌ಕುಮಾರ್ ಕೆಂಪು ಪೆನ್ನಿನಲ್ಲಿ ‘ಕುಡುಗೋಲು’ ಎಂಬುದಕ್ಕೆ ಸುತ್ತು ಹಾಕಿ, “ಮದ್ವೆ ಮನೇಗೆ ಆಯುಧ ಯಾಕಮ್ಮಾ?” ಎಂದ. “ಮೀಸೆ ಕುಯ್ಯಾಕೆ ಕಣಪ್ಪ, ಇನ್ಯಾಕೆ” ಎಂದಳು ಅವ್ವ. ಕಜ್ಜಾಯದ ಕಳವಿಗೆ ದೂರು ದಾಖಲಾಗಿದೆಯೇ ಎಂದು ಕೇಳಿದ. ತಂಗ್ಯವ್ವ ಎಂಬುವವರ ಪೂರ್ತಿ ಹೆಸರು, ವಿಳಾಸ ಬೇಕೆಂದ, ಕುಡುಗೋಲು ತರುವವಳು ಅವಳೇ ಅಲ್ಲವೇ. ಅವನ ತಪ್ಪಲ್ಲ, ಒಳಗೆ ಹೊಸ ಸಾಹೇಬರು ಕೂತಿದ್ದರು. ಬೈಸಿಕೊಳ್ಳುವವರಿಂದ ನಿರಾಕ್ಷೇಪಣಾ ಪತ್ರ ತಂದರೆ ನೋಡೋಣ ಎಂದು ಅಲ್ಲಿಂದ ಅಪ್ಪಣೆಯಾಯಿತು.

ದ್ಯಾವಯ್ಯನವರು ಮಾರನೆಯ ದಿನವೇ ಬೈಕಿನಲ್ಲಿ ಬಂದರು. ಚಿಕ್ಕಪ್ಪ ಸಂಕೋಚದಿಂದ ಹಾಡಿನ ಪ್ರತಿ ಕೊಟ್ಟ. ಅವರು ಪೂರ್ತಿ ಓದಿ, ಹಾಳೆ ತಿರುಗಿಸಿ ಹಿಂದೆಯೂ ನೋಡಿ, ಮುಖ ಸಣ್ಣ ಮಾಡಿಕೊಂಡು, “ನಮ್ಮಣ್ಣನ ಮಗನ ಮದ್ವೇಲಿ ಅನ್ನೆರಡು ಪದ ಬೈದ್ರು ಕಣ್ರೀ. ನಂಗೆ ಬರೀ ನಾಕೇಯಾ?” ಎಂದರು. ಆಮೇಲೆ ನನ್ನ ಕೈಯಲ್ಲೇ ಬರೆಸಿ ಸಹಿ ಹಾಕಿದರು. ‘ನನ್ನನ್ನು ಟಗರು ಎಂದು ಕರೆಯುವುದಕ್ಕೂ, ನನ್ನ ಮೇಲೆ ಕಜ್ಜಾಯದ ಕಳವು ಹೊರಿಸುವುದಕ್ಕೂ, ನನ್ನ ಮೀಸೆಗೆ ಕುಡುಗೋಲು ಹಾಕುವುದಕ್ಕೂ ನನ್ನದಾಗಲಿ ನನ್ನ ವಾರಸುದಾರರದಾಗಲಿ ಯಾವುದೇ ಅಭ್ಯಂತರವಿರುವುದಿಲ್ಲ.’ ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಪತ್ರಲೇಖನ ಹೇಳಿಕೊಡುತ್ತಿದ್ದೇನೆ, ಇದಕ್ಕಿಂತ ಒಳ್ಳೆಯ ಪತ್ರವನ್ನು ನಾನು ಬರೆದಿಲ್ಲ.

ಆ ಪತ್ರ ಹಿಡಿದು ಮತ್ತೆ ಠಾಣೆಗೆ ಹೋದಾಗ ಸಾಹೇಬರು ಅವ್ವನನ್ನು ಒಳಗೆ ಕರೆದು ಒಂದೇ ಪ್ರಶ್ನೆ ಕೇಳಿದರು: ಇಲ್ಲಿ ಬರೆದಿರುವುದನ್ನೇ ಹಾಡುತ್ತೀರಿ ತಾನೆ? ಅವ್ವ ಸುಳ್ಳು ಹೇಳುವವಳಲ್ಲ. “ಅದೆಂಗಾದದು ಸಾ? ಬೀಗ ಬಂದು ನಿಂತ್ಮೇಲೆ ಬಾಯಿಗೆ ಏನ್ ಬತ್ತದೋ ಅದು” ಎಂದಳು. ಸಾಹೇಬರಿಗೆ ಕುಡುಗೋಲಿಗಿಂತ ಇದು ದೊಡ್ಡದಾಗಿ ಕಂಡಿತು. ಬಾಯಿಗೆ ಬಂದದ್ದನ್ನು ಹಾಡುವವರು ಸುರಕ್ಷತೆಗೆ ಅಪಾಯ ಎಂದರು. ಆರು ತಿಂಗಳು ಯಾವ ಸಮಾರಂಭದಲ್ಲೂ ಹಾಡುವುದಿಲ್ಲ ಎಂದು ಮುಚ್ಚಳಿಕೆ ಕೊಡಬೇಕು, ಇಲ್ಲದಿದ್ದರೆ ನಿಗಾ ರಿಜಿಸ್ಟರಿನಲ್ಲಿ ಫೋಟೋ ಸಮೇತ ಹೆಸರು. ನಾನು ಜೋರಾಗಿಯೇ ವಾದ ಮಾಡಿದೆ. ಯಾವ ಕಾನೂನು, ಬರೆದು ಕೊಡಿ ಎಂದೆ. ಹಿಂತಿರುಗಿ ನೋಡುವಷ್ಟರಲ್ಲಿ ಅವ್ವ ಹೆಬ್ಬೆಟ್ಟು ಒತ್ತಿಯಾಗಿತ್ತು. ‘ಗಂಟ್ಲು ಸರಿಯಿಲ್ಲ, ವಯಸ್ಸಾಯ್ತು, ಅದ್ಕೇ ಒತ್ತಿದ್ಲು ಅಂತ ಬರಿ’ ಎಂದು ಈಗ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತ ಕೂತು ಹೇಳುತ್ತಿದ್ದಾಳೆ. ಬರೆದಿದ್ದೇನೆ. ಮುಗಿದ ಮೇಲೆ ಇಡೀ ಕಾಗದ ಓದಿ ಹೇಳಬೇಕಂತೆ.

ಉಳಿದ ಹೆಂಗಸರು ಹಾಡಲೆಂದು ತಿದ್ದಿದ ಪಾಠವೊಂದು ಮೊಹರಿನೊಂದಿಗೆ ಬಂತು. ನೀನು ಓದಲೇಬೇಕು:

ಮಾನ್ಯ ಬೀಗರು ಆಗಮಿಸಿದರು
ಮೀಸೆಯು ಸಾಮಾನ್ಯ ಉದ್ದವಿದೆ, ತಂಗ್ಯವ್ವ
ಯಾವುದೇ ಸಾಧನ ತರಬೇಡ

ಮದುವೆಯ ದಿನ ಚಪ್ಪರದ ಕಂಬಕ್ಕೆ ಒರಗಿ ಮೋಹನ್‌ಕುಮಾರ್ ಒಂದು ಪ್ರತಿ ಹಿಡಿದು ನಿಂತ. ಹೆಂಗಸರು ಎರಡು ಸಾಲು ಎಳೆದರು, ಮೂರನೆಯದಕ್ಕೆ ಒಬ್ಬರ ಮುಖ ಒಬ್ಬರು ನೋಡಿ ಸೆರಗು ಬಾಯಿಗೆ ತುರುಕಿಕೊಂಡರು. ದ್ಯಾವಯ್ಯನವರು ಮಾತ್ರ ನಗಲಿಲ್ಲ. ಬೈಸಿಕೊಳ್ಳದೆ ಹೆಣ್ಣಿನ ಮನೆಯಲ್ಲಿ ಎಲೆಯ ಮುಂದೆ ಕೂರುವ ಪದ್ಧತಿ ಅವರ ವಂಶದಲ್ಲೇ ಇಲ್ಲವಂತೆ. “ನಾನೇನು ಇವರ ಮನೆಗೆ ಸರ್ವೆ ಮಾಡಾಕೆ ಬಂದಿವ್ನಾ, ಮಾನ್ಯ ಅನ್ನಾಕೆ?” ಎಂದು ಟವೆಲ್ ಕೊಡವಿ ನಿಂತರು. ಅವರು ಕೂರದೆ ಅವರ ಕಡೆಯ ನೂರಿಪ್ಪತ್ತು ಜನ ಕೂರುವುದಿಲ್ಲ. ಸಾರು ಆರುತ್ತಿತ್ತು. ಮದುಮಗ ಪೃಥ್ವಿರಾಜ್ ಪಾಪ, ಅಪ್ಪನ ಕಡೆ ನೋಡುವುದೋ ಶೋಭಿತಾಳ ಕಡೆ ನೋಡುವುದೋ ತಿಳಿಯದೆ ಬಾಸಿಂಗ ಸರಿಮಾಡಿಕೊಳ್ಳುತ್ತಿದ್ದ. ಕಡೆಗೆ ದ್ಯಾವಯ್ಯನವರೇ ಮೋಹನ್‌ಕುಮಾರನ ಮುಂದೆ ಹೋಗಿ, “ನನ್ನ ನಾನೇ ಬೈಕೊಂಡ್ರೆ ನಿಮ್ ಅಭ್ಯಂತರ ಐತಾ?” ಎಂದರು. ಅವನು ಕಾಗದವನ್ನು ಮೇಲೆ ಕೆಳಗೆ ನೋಡಿದ. ಅದಕ್ಕೆ ಕಾಲಂ ಇರಲಿಲ್ಲ. ಆ ಮನುಷ್ಯ ಚಪ್ಪರದ ನಡುವೆ ನಿಂತು, ಅವ್ವನ ಪದವನ್ನೇ, ಟಗರಿನಿಂದ ಕುಡುಗೋಲಿನವರೆಗೆ, ಒಂದು ಸ್ವರವೂ ಸರಿಯಿಲ್ಲದೆ, ತನ್ನ ಮೀಸೆಯನ್ನು ತಾನೇ ಹಿಡಿದುಕೊಂಡು ಹಾಡಿದರು. ಜನ ನಕ್ಕು ಸುಸ್ತಾದರು. ಊಟವೂ ಆಯಿತು. ಮೋಹನ್‌ಕುಮಾರ್ ಎರಡನೆಯ ಪಂಕ್ತಿಯಲ್ಲಿ ಕೂತು ಉಂಡ, ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡ.

ನೀನೂ ಅದೇ ಖಾಕಿ ತೊಟ್ಟವನು, ಇದನ್ನು ನಿನಗೆ ಚುಚ್ಚಲು ಬರೆದಿದ್ದಲ್ಲ. ಎಲ್ಲೋ ಒಂದು ಊರಿನಲ್ಲಿ ವ್ಯಾನಿನೊಳಗೆ ಲಾಠಿ ಹಿಡಿದು ಕೂತಾಗ, ಎದುರಿಗೆ ಸೇರಿದ ಜನದಲ್ಲಿ ಯಾರಾದರೂ ಮುದುಕಿ ಹಾಡುತ್ತಿದ್ದರೆ ಒಂದು ನಿಮಿಷ ಕಿವಿಗೊಡು, ಅಷ್ಟೆ.

ಅವ್ವ ನಿನ್ನ ತಲೆಯ ಮೇಲೆ ಕೈಯಿಟ್ಟಿದ್ದಾಳೆ ಎಂದುಕೋ. ಚಿಕ್ಕಪ್ಪ ಕೇಳಿದನೆಂದು ಬರೆಯಲು ಹೇಳಿದ್ದಾನೆ. ನಿನ್ನ ಹೆಂಡತಿಗೂ ಮಗುವಿಗೂ ನನ್ನ ನೆನಪುಗಳು. ಮಂಡಿ ಮರೆಯಬೇಡ.

ನಿನ್ನ ಅಕ್ಕ,
ರತ್ನಮಾಲಾ

ಮರೆತ ಮಾತು: ಮರೆತದ್ದಲ್ಲ. ಅವ್ವನಿಗೆ ಮೇಲಿನದೆಲ್ಲ ಓದಿ ಹೇಳಿದೆ, ಸರಿಯಾಗಿದೆ ಎಂದಳು. ಈಗ ಹಾಲು ಹಾಕಲು ಡೈರಿಗೆ ಹೋಗಿದ್ದಾಳೆ. ಬೇಗ ಬರೆಯುತ್ತೇನೆ. ಅವಳ ಗಂಟಲು ಚೆನ್ನಾಗಿದೆ. ನಾನು ವಾದ ಮಾಡುತ್ತಿದ್ದಾಗ ಮೋಹನ್‌ಕುಮಾರ್ ಅವಳಿಗೆ ಮೆಲ್ಲಗೆ ಹೇಳಿದನಂತೆ: “ನಿಮ್ಮ ಮಗ ಇಲಾಖೇಲವ್ರಲ್ವಾ ಅಮ್ಮ, ಪ್ರಮೋಷನ್ ಫೈಲು ಬಂದಾಗ ತಾಯಿ ಹೆಸರು ಈ ರಿಜಿಸ್ಟರ್‌ನಲ್ಲಿದ್ರೆ ಚೆನ್ನಾಗಿರಲ್ಲ.” ಹೆದರಿಸಲು ಹೇಳಿದ್ದಲ್ಲ, ಒಳ್ಳೆಯದಾಗಲೆಂದೇ ಹೇಳಿದ್ದು. ಅವಳು ಹೆಬ್ಬೆಟ್ಟು ಒತ್ತಿದ್ದು ನಿನಗಾಗಿ. ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ದ್ಯಾವಯ್ಯ ಹಾಡುವಾಗ ಎಲ್ಲರೂ ನಗುತ್ತಿದ್ದರು, ಅವಳು ಹುಲ್ಲಿನ ಮೆದೆಯ ಹಿಂದೆ ಹೋಗಿ ನಿಂತಿದ್ದಳು. ಅಂದಿನಿಂದ ಕೊಟ್ಟಿಗೆಯಲ್ಲೂ ಗುನುಗಿಲ್ಲ. ಚನ್ನರಾಯಪಟ್ಟಣದಲ್ಲಿ ವಕೀಲಿ ಮಾಡುತ್ತಿರುವ ನನ್ನ ಗೆಳತಿ ರೂಪಶ್ರೀಯನ್ನು ಕೇಳಿದೆ. ಈ ಮುಚ್ಚಳಿಕೆ ನಿಲ್ಲುವುದಿಲ್ಲ, ಮಕ್ಕಳಲ್ಲಿ ಯಾರಾದರೊಬ್ಬರು ಆಕ್ಷೇಪಣೆ ಹಾಕಿ, ಡಿಸೆಂಬರ್ ಎಂಟರೊಳಗೆ ಎಂದಳು. ಅರ್ಜಿಯನ್ನು ಇದರ ಜೊತೆ ಇಟ್ಟಿದ್ದೇನೆ. ಅರ್ಜಿದಾರರ ಜಾಗದಲ್ಲಿ ನಿನ್ನ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಮೇಲೆ ಪೆನ್ನಿನಲ್ಲಿ ತಿದ್ದು, ಇಲ್ಲವೆ ಅಳಿಸಿಬಿಡು. ಅಳಿಸಿದರೆ ಕೋಪವಿಲ್ಲ, ನಿನಗೂ ಸಂಸಾರವಿದೆ. ಹಾಳೆಯನ್ನು ಮಾತ್ರ ಹರಿಯಬೇಡ, ನನ್ನ ಶಾಲೆಯ ವಿಳಾಸಕ್ಕೆ ಕಳಿಸು, ಆ ಜಾಗದಲ್ಲಿ ನಾನೇ ಸಹಿ ಹಾಕುತ್ತೇನೆ. ಆದರೆ ಶಾಂತೂ, ನಾನು ಹಾಕಿದರೆ ಅರ್ಜಿ ಗೆದ್ದರೂ ಅವ್ವ ಹಾಡುವುದಿಲ್ಲ. ನೀನು ಹಾಕಿದರೆ ಅರ್ಜಿ ಸೋತರೂ ಹಾಡುತ್ತಾಳೆ.