ಬಣ್ಣವಿಲ್ಲದ ಮೊದಲ ಬ್ಯಾಚು

ಮಾರ್ಚ್ ೯, ಭಾನುವಾರ

ನನ್ನ ಮುದ್ದು ಜಗಳಗಂಟಿಗೆ ಅಪ್ಪನ ಆಶೀರ್ವಾದ.

ನಾನೂ ನಿಮ್ಮಮ್ಮನೂ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ಮೂರು ವಾರವಾಯಿತು, ಉತ್ತರಿಸಲಿಲ್ಲ, ತಪ್ಪಾಯಿತು ತಾಯಿ. ಪೆನ್ನು ಸಿಗಲಿಲ್ಲ ಎಂದರೆ ನೀನು ನಂಬುವವಳಲ್ಲ.

"ನಿಮ್ಮ ಕಂಪನಿಗೇ ದೂರು ಬರೆದೆ, ಕೋಪ ಬಂತಾ ಅಪ್ಪಾ?" ಎಂದು ಕೇಳಿದ್ದೆ. ಬಂತು. ಎರಡು ದಿನ ಚೆನ್ನಾಗಿಯೇ ಬಂತು. ಇಪ್ಪತ್ತೆಂಟು ವರ್ಷ ಬಣ್ಣದ ಕೋಣೆಯಲ್ಲಿ ನಿಂತವನು ನಾನು. ತುರಿಕೆಯ ಸಿರಪ್ಪಿಗೆ ಹಳದಿ ಬೆರೆಸಿ, ಬಿಳಿ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು ನಾನು ತಲೆಯಾಡಿಸಿದರೇನೇ ಬ್ಯಾಚು ಮುಂದಕ್ಕೆ. ಆ ಹಳದಿಗೇ ಕೈ ಹಾಕಿದೆಯಲ್ಲ ನೀನು!

ಮೂರನೇ ದಿನ ಮ್ಯಾನೇಜರ್ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಸೇರಿಸಿ, ಆಸ್ಪತ್ರೆಯ ಔಷಧಿ ವಿಭಾಗದಿಂದ ಬಂದ ಪತ್ರ ಎಂದು ನಿನ್ನ ದೂರನ್ನು ಗಟ್ಟಿಯಾಗಿ ಓದಿದರು. ಈ ಕೃತಕ ಬಣ್ಣ ಕೆಲವು ಮಕ್ಕಳಿಗೆ ಆಗಿಬರುವುದಿಲ್ಲ, ತುರಿಕೆ ಹೋಗಲೆಂದು ಕೊಟ್ಟ ಔಷಧಿಯೇ ತುರಿಕೆ ತರುತ್ತದೆ ಎಂದು ಬರೆದು, ಹನ್ನೊಂದು ಮಕ್ಕಳ ವಿವರ ದಿನಾಂಕ ಸಮೇತ ಕೊಟ್ಟಿದ್ದೆ ನೀನು. ಹನ್ನೆರಡನೆಯವಳು ಮಾತ್ರ ದಿನಾಂಕವಿಲ್ಲದ, ಆರು ವರ್ಷದ ಹುಡುಗಿ.

"ಇನ್ಮೇಲೆ ಹಳದಿ ಬಂದ್," ಅಂದರು ಮ್ಯಾನೇಜರ್.

ಪಕ್ಕದಲ್ಲಿದ್ದ ಲೇಬಲ್ ಅಂಟಿಸುವವನು, "ಯಾರ್ರೀ ಇವಳು, ನಿಮ್ಮ ಹೊಟ್ಟೆ ಮೇಲೇ ಹೊಡೆದ್ಳಲ್ಲ!" ಅಂದ.

ಎದ್ದು ನಿಂತೆ. "ಬಾಯಿ ಮುಚ್ಚಯ್ಯ. ಅವಳು ನನ್ನ ಮಗಳು!"

ಕ್ಯಾಂಟೀನಿಗೆ ಕ್ಯಾಂಟೀನೇ ನನ್ನ ಕಡೆ ತಿರುಗಿತು. "ಅಪ್ಪನ ಕಣ್ಣೇ ಮಗಳಿಗೂ ಬಂದಿದೆ ಬಿಡಿ," ಎಂದರು ಮ್ಯಾನೇಜರ್. ಎದೆಯುಬ್ಬಿ ನನ್ನ ಅಂಗಿಯ ಗುಂಡಿ ಕಿತ್ತುಬರದಿದ್ದದ್ದೇ ಹೆಚ್ಚು. "ಸಾಕು ನಿಲ್ಲಿಸ್ರೀ, ಹಾಲಿನವನಿಗೂ ಹೇಳಿ ಆಯ್ತು," ಎನ್ನುತ್ತಾಳೆ ನಿಮ್ಮಮ್ಮ. ಹೇಳಿದವಳು ಅವಳೇ.

ನನ್ನ ಕೆಲಸದ ಚಿಂತೆ ಬೇಡ, ಸಿರಪ್ ಸೋಸುವ ಕಡೆ ಹಾಕಿದ್ದಾರೆ. ಮೊನ್ನೆ ಶುಕ್ರವಾರ ಬಣ್ಣವಿಲ್ಲದ ಮೊದಲ ಬ್ಯಾಚು ಬಂತು. ಅಭ್ಯಾಸಬಲ ನೋಡು, ಬಿಳಿ ತಟ್ಟೆಗೆ ಒಂದು ಹನಿ ಬಿಟ್ಟು ಕಿಟಕಿಗೆ ಹಿಡಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಗಂಭೀರವಾಗಿ ತಲೆಯಾಡಿಸಿ, "ಪಾಸ್," ಅಂದೆ.

ನೂರು ಕಾಲ ಬಾಳು. ಸರಿ ಅನಿಸಿದ್ದನ್ನು ಹೇಳಲು ಯಾರಿಗೂ ಹೆದರಬೇಡ, ನನಗಂತೂ ಹೆದರಲೇಬೇಡ.

ನಿನ್ನ
ಅಪ್ಪ

ಸಹಿ ಹಾಕಿದ ಮೇಲೆ: ಆ ಹನ್ನೆರಡನೆಯ ಹುಡುಗಿ ಯಾರೆಂದು ಕ್ಯಾಂಟೀನಿನಲ್ಲಿ ನನಗೊಬ್ಬನಿಗೇ ಗೊತ್ತಾಯಿತು. "ಇದು ಕುಡಿದ್ರೆ ಜಾಸ್ತಿ ತುರಿಸುತ್ತೆ ಅಪ್ಪಾ," ಎಂದು ನೀನು ಅತ್ತಾಗ, "ನಾಟಕ ಆಡ್ಬೇಡ, ಇದು ಅಪ್ಪನೇ ಮಾಡಿದ್ದು," ಎಂದು ಮೂಗು ಹಿಡಿದು ಎರಡನೇ ಚಮಚ ಕುಡಿಸಿದೆ. ಮೈತುಂಬ ದದ್ದು ಎದ್ದರೂ ಮೂರು ದಿನ ಬಿಡಲಿಲ್ಲ. "ಮನೆಯವರು ನಂಬಲಿಲ್ಲ" ಎಂದಷ್ಟೇ ಬರೆದಿದ್ದೀಯ, ಅಪ್ಪ ಎಂದು ಬರೆದಿಲ್ಲ. ನನ್ನ ಮಗಳು ಎಂದು ಕೂಗಿ ಹೇಳಿದವನಿಗೆ, ಕುಡಿಸಿದವನು ನಾನೇ ಎನ್ನಲು ಬಾಯಿ ಬರಲಿಲ್ಲ. ಉತ್ತರ ತಡವಾದದ್ದು ಕೋಪಕ್ಕಲ್ಲ, ಇದಕ್ಕೆ. ಅವತ್ತು ನೀನು ಹೇಳಿದ್ದೇ ನಿಜ, ಮಗಳೇ.