ತಂಗಿಯ ಕರೆ, ನನ್ನ ಫೋನು

ಮಾರ್ಚ್ ೧೪, ಗುರುವಾರ

ಐದು ತಿಂಗಳಲ್ಲಿ ಇವತ್ತೇ ಮೊದಲ ಸಲ ಇಂಟರ್‌ವ್ಯೂಗೆ ಕರೆ ಬಂತು. ನನಗಲ್ಲ, ತಂಗಿಗೆ. ಅವಳ ಬಯೋಡೇಟಾ ಮಾಡಿಕೊಟ್ಟವಳು ನಾನೇ. ನನ್ನದನ್ನೇ ತಿದ್ದುವಾಗ ಫೋನ್ ನಂಬರ್ ಬದಲಿಸೋದು ಮರೆತಿದ್ದೆ.

“ಸೋಮವಾರ ಬರ್ತೀರಾ?” ಅಂದಾಗ ಕುಣಿಯೋದೊಂದು ಬಾಕಿ. ಆಮೇಲೆ ಅವರು ಅವಳ ಹೆಸರು ಹೇಳಿದರು. ‘ರಾಂಗ್ ನಂಬರ್’ ಅನ್ನೋ ಮಾತು ನಾಲಿಗೆ ತುದಿಗೇ ಬಂದಿತ್ತು. ನುಂಗಿಕೊಂಡು ಫೋನ್ ಅವಳ ಕೈಗಿಟ್ಟೆ.

“ಅಕ್ಕಾ, ಎಲ್ಲಾ ನಿನ್ನ ಕೈಗುಣ!” ಅಂತ ತಬ್ಬಿಕೊಂಡಳು. ನನ್ನ ಹೊಟ್ಟೆ ಧಗಧಗ ಉರೀತಿತ್ತು.

ನಾಳೆ ಕೆಲಸ ಸಿಕ್ಕಿ ಅವಳು ಆಫೀಸಿಗೆ ಹೊರಡೋದನ್ನ ದಿನಾ ನೋಡ್ತಾ ಕೂರೋದಕ್ಕಿಂತ ಮತ್ತೆ ಓದೋಕೆ ಹೋಗೋದೇ ವಾಸಿ. ಊಟ ಆದಮೇಲೆ ಕಾಲೇಜಿನ ಅರ್ಜಿ ತುಂಬಿದೆ. ನಂಬರೂ ನನ್ನದೇ, ಹೆಸರೂ ನನ್ನದೇ ಅಂತ ಮೂರು ಸಲ ನೋಡಿದೆ.

ಪಕ್ಕದ ಮಂಚದಲ್ಲಿ ಇವಳು ನಿದ್ದೆಯಲ್ಲೂ ನಗ್ತಿದ್ದಾಳೆ, ಪೀಡೆ.